ನಗೆಯ ಗೆರೆ, ಹೆಸರಿನ ಪಟ್ಟಿ

ವಿಡಂಬನೆಯು ಯಾರ ಮನಸ್ಸನ್ನೂ ನೋಯಿಸಬಾರದೆಂಬುದು ಈಚೆಗೆ ಸಭ್ಯತೆಯ ಮೊದಲ ಪಾಠವೆನಿಸಿದೆ. ಯಾರಿಗೂ ತಾಗದ ವಿಡಂಬನೆ ಉಪ್ಪಿಲ್ಲದ ಸಾರು, ನಿಜ. ಆದರೆ ತಾಗಿದ್ದೆಲ್ಲವೂ ವಿಡಂಬನೆಯೇ? ಉತ್ತರಕ್ಕಾಗಿ ಮುಂಬಯಿ ಕನ್ನಡಿಗರಾದ ನಾವು ದೂರ ಹೋಗಬೇಕಾಗಿಲ್ಲ.

ಮೈಸೂರಿನ ಆರ್. ಕೆ. ಲಕ್ಷ್ಮಣ್ ಹಾಗೂ ಬಾಳ್ ಠಾಕ್ರೆ ಒಂದು ಕಾಲಕ್ಕೆ ಈ ನಗರದ ‘ಫ್ರೀ ಪ್ರೆಸ್ ಜರ್ನಲ್’ನಲ್ಲಿ ಸಹೋದ್ಯೋಗಿಗಳಾಗಿದ್ದ ವ್ಯಂಗ್ಯಚಿತ್ರಕಾರರು. ರಾಶಿಯವರ ‘ಕೊರವಂಜಿ’ಗೂ ಚಿತ್ರ ಬರೆದಿದ್ದ ಲಕ್ಷ್ಮಣ್, ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಮಂತ್ರಿಮಹೋದಯರ ಪಕ್ಕ ಮೂಕನಾಗಿ ನಿಲ್ಲುವ ಶ್ರೀಸಾಮಾನ್ಯನನ್ನು ಕಡೆದು ನಿಲ್ಲಿಸಿದರು. ಠಾಕ್ರೆಯವರು 1960ರಲ್ಲಿ ‘ಮಾರ್ಮಿಕ್’ ಆರಂಭಿಸಿದರು. ಅದರಲ್ಲಿ ದಕ್ಷಿಣದವರು ನಗೆಪಾಟಲಾದರು. ಅಷ್ಟಕ್ಕೇ ನಿಂತಿದ್ದರೆ ನಾವೂ ನಕ್ಕು ಸುಮ್ಮನಾಗಬಹುದಿತ್ತು. ಬೀchiಯವರ ನಾಡಿನವರಿಗೆ ಗೇಲಿ ಹೊಸತಲ್ಲ. ಆದರೆ ‘ಓದಿ, ತೆಪ್ಪಗೆ ಕೂಡಿ’ ಎಂಬರ್ಥದ ಶೀರ್ಷಿಕೆಯಡಿ ಕಚೇರಿ, ಕಂಪನಿಗಳ ದಕ್ಷಿಣ ಭಾರತೀಯ ಅಧಿಕಾರಿಗಳ ಹೆಸರಿನ ಪಟ್ಟಿಗಳು ಅಚ್ಚಾಗತೊಡಗಿದವು. 1966ರಲ್ಲಿ ಶಿವಸೇನೆ ಹುಟ್ಟಿತು. ಉಡುಪಿ ಹೋಟೆಲುಗಳ ಮೇಲೆ ದಾಳಿಗಳಾದವು. ಚಿತ್ರ ನಮ್ಮನ್ನು ನೋಯಿಸಿತ್ತು, ಪಟ್ಟಿ ನಮ್ಮತ್ತ ಬೆರಳು ತೋರಿತು. ಇವೆರಡರ ನಡುವಣ ಅಂತರವೇ ವಿಡಂಬನೆಯ ಎಲ್ಲೆ.

ಈ ಅಂತರ ಮರೆತಾಗ ಏನಾಗುತ್ತದೆಂಬುದನ್ನು 2012 ತೋರಿಸಿತು. ಸಂವಿಧಾನ ರಚನೆಯ ನಿಧಾನಗತಿಯನ್ನು ಕುರಿತ ಶಂಕರ್ ಅವರ ಹಳೆಯ ವ್ಯಂಗ್ಯಚಿತ್ರವೊಂದು ಶಾಲಾ ಪಠ್ಯದಲ್ಲಿತ್ತು. ಅಂಬೇಡ್ಕರರ ಬೆನ್ನ ಹಿಂದೆ ಚಾವಟಿ ಹಿಡಿದ ನೆಹರೂ ಅವರನ್ನು ಕಂಡು ದಲಿತ ಓದುಗರು ನೊಂದರು. ಚಾವಟಿಯ ನೆನಪು ಯಾರ ಬೆನ್ನ ಮೇಲಿದೆಯೋ ಅವರ ನೋವನ್ನು ಅಲ್ಲಗಳೆಯಲು ನಾವು ಯಾರು? ಆದರೆ ತರಗತಿಯಲ್ಲಿ ಚರ್ಚೆಯಾಗಬೇಕಿದ್ದುದು ಸಂಸತ್ತಿನ ಗದ್ದಲವಾಯಿತು. ಪುಣೆಯಲ್ಲಿ ಪಠ್ಯದ ಸಲಹೆಗಾರ ಸುಹಾಸ್ ಪಳಶೀಕರರ ಕಚೇರಿ ಪುಡಿಯಾಯಿತು. ಅದೇ ನವೆಂಬರಿನಲ್ಲಿ ಠಾಕ್ರೆಯವರು ತೀರಿಕೊಂಡಾಗ ನಗರ ಸ್ತಬ್ಧವಾದುದನ್ನು ಪ್ರಶ್ನಿಸಿ ಫೇಸ್‌ಬುಕ್ಕಿನಲ್ಲಿ ಬರೆದ ಪಾಲ್ಘರಿನ ಒಬ್ಬ ಯುವತಿಯನ್ನೂ, ಅದನ್ನು ಮೆಚ್ಚಿದ ಗೆಳತಿಯನ್ನೂ ಪೊಲೀಸರು ಬಂಧಿಸಿದರು. ಜೀವನವಿಡೀ ಕುಂಚದಿಂದ ಚುಚ್ಚಿದವರ ಹೆಸರಿನಲ್ಲಿ ಒಂದು ಪ್ರಶ್ನೆಯೂ ಅಪರಾಧವಾಯಿತು! ಅಲ್ಲಿ ಬಳಕೆಯಾದ 66ಎ ಕಲಮನ್ನು ಸರ್ವೋಚ್ಚ ನ್ಯಾಯಾಲಯ 2015ರ ಮಾರ್ಚ್ 24ರಂದು ರದ್ದುಗೊಳಿಸಿತು.

ಮಾತಿನ ಸಂಯಮ ದೊಡ್ಡ ಗುಣ, ಅದು ಒಳಗಿನಿಂದ ಬಂದಾಗ. ಠಾಣೆಯ ಮೂಲಕ ಬಂದರೆ ಅದು ಬಲಾಢ್ಯರಿಗೇ ಕಾವಲು. ಸರ್ಕಾರವನ್ನು ಬಹಿರಂಗವಾಗಿ ಟೀಕಿಸಬಾರದೆಂಬ ನಡತೆ ನಿಯಮವನ್ನು ಕೇಂದ್ರ ನೌಕರರಾದ ನಾವು ಸಂಬಳದೊಂದಿಗೇ ಒಪ್ಪಿಕೊಂಡವರು. ಸಂಬಳವಿಲ್ಲದ ನಾಗರಿಕರಿಗೂ ಅದನ್ನೇ ವಿಧಿಸುವುದು ಯಾವ ನ್ಯಾಯ?

ನಮ್ಮ ಲುಂಗಿಯನ್ನು ನೋಡಿ ನಗುವವರು ನಗಲಿ. ನಾವು ಮರುನಗೆ ನಗಬಲ್ಲೆವು. ನಮ್ಮ ಮನೆಯ ವಿಳಾಸವನ್ನು ಗುಂಪಿನ ಕೈಗೆ ಕೊಡುವವರನ್ನು ಮಾತ್ರ ವಿಡಂಬನಕಾರರೆಂದು ಕರೆಯುವುದು ಬೇಡ.