ಲೀಟರ್‌ಗಟ್ಟಲೆ ಹಾಲು, ಆದರೂ ಕೂಸಿಗೆ ರಕ್ತವಿಲ್ಲ!

ಹತ್ತು ತಿಂಗಳ ಕೂಸಿಗೆ ದಿನಕ್ಕೆ ಎಷ್ಟು ಹಾಲು ಬೇಕು? ವಿಜಯನಗರದ ಯಾವ ಅಡ್ಡರಸ್ತೆಯಲ್ಲಾದರೂ ನಿಂತು ಈ ಪ್ರಶ್ನೆ ಕೇಳಿ ನೋಡಿ. ಮನೆಗೊಂದು ಉತ್ತರ. ಅಜ್ಜಿ ಹೇಳುವುದು ಒಂದು, ಪಕ್ಕದ ಮನೆಯಾಕೆ ಹೇಳುವುದು ಇನ್ನೊಂದು. ಮೆಡಿಕಲ್ ಸ್ಟೋರಿನವನು ಮಾತೇ ಆಡೋಲ್ಲ, ಡಬ್ಬಿ ತೆಗೆದು ಕೌಂಟರಿನ ಮೇಲೆ ಇಡುತ್ತಾನೆ. ಎಲ್ಲರೂ ಒಪ್ಪುವ ಮಾತು ಒಂದೇ: 'ಹಾಲು ಜಾಸ್ತಿ ಆದಷ್ಟೂ ಮಗು ಗಟ್ಟಿ.' ಆ ಒಂದು ಮಾತೇ ತಪ್ಪು!

ಓದುಗರು ಹುಬ್ಬೇರಿಸಬೇಡಿ. ಹಾಲು ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಅದಕ್ಕೆ ಹಿಂದಿನ 2015-16ರ ಸಮೀಕ್ಷೆಯಲ್ಲಿ ಇದು ಸುಮಾರು 61 ಇತ್ತು. ಇಳಿಯಬೇಕಾದದ್ದು ಏರಿದೆ. ಇದಕ್ಕೆಲ್ಲಾ ಹಾಲೇ ಕಾರಣವಲ್ಲ, ತಾಯಿಗೇ ರಕ್ತ ಕಮ್ಮಿ ಇದ್ದರೆ ಮಗುವಿಗೂ ಕಮ್ಮಿ. ಆದರೆ ಹೊತ್ತು ಹೊತ್ತಿಗೆ ಹಾಲು ಕುಡಿದು, ಗುಂಡಗೆ ಬೆಳ್ಳಗೆ ಕಾಣುವ ಕೂಸಿನ ಅಂಗೈ ತಿರುಗಿಸಿ ನೋಡಿದರೆ ಕೆಂಪೇ ಇರುವುದಿಲ್ಲ. 'ಎಷ್ಟು ಬೆಳ್ಳಗಿದೆ ನೋಡ್ರೀ' ಅಂತ ನೆಂಟರು ಸಂತೋಷಪಡುತ್ತಾರೆ. ಅದು ಬಣ್ಣ ಅಲ್ಲ ಸ್ವಾಮಿ, ರಕ್ತ ಕಮ್ಮಿ ಆಗಿರೋ ಬಿಳುಪು.

ಲೆಕ್ಕ ಹಾಕಿ. ಹತ್ತು ತಿಂಗಳ ಮಗುವಿಗೆ ದಿನಕ್ಕೆ ಬೇಕಾದ ಶಕ್ತಿ ಸುಮಾರು 700 ಕ್ಯಾಲೊರಿ. ಒಂದು ಲೀಟರ್ ಹಾಲಿನಲ್ಲಿ 600ರ ಮೇಲೆ ಬಂದುಬಿಡುತ್ತದೆ. ಹೊಟ್ಟೆ ತುಂಬಿದ ಮಗು ಅನ್ನ ಕಂಡರೆ ಮುಖ ತಿರುಗಿಸದೆ ಇನ್ನೇನು ಮಾಡೀತು? 'ನಮ್ಮ ಮಗು ಏನೂ ತಿನ್ನೋಲ್ಲ, ಪಾಪ, ಹಾಲಾದರೂ ಕುಡೀಲಿ' ಅಂತ ಇನ್ನೊಂದು ಬಾಟಲಿ. ಸಂಜೆಗೆ ಮತ್ತೆ ಅದೇ ರಾಗ. ಆ ಲೀಟರ್ ಹಾಲಿನಲ್ಲಿ ಕಬ್ಬಿಣದ ಅಂಶ ಎಷ್ಟು? ಒಂದು ಮಿಲಿಗ್ರಾಂ ಕೂಡ ಇಲ್ಲ. ಅದು ಸಾಲದು ಎಂಬಂತೆ ಹಾಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಕೇಸಿನ್, ಬೇರೆ ಊಟದಲ್ಲಿ ಬಂದ ಕಬ್ಬಿಣ ಮೈಗೆ ಹತ್ತುವುದಕ್ಕೂ ಅಡ್ಡಿ ಮಾಡುತ್ತವೆ. ವರ್ಷ ತುಂಬದ ಎಳೆಯ ಕರುಳಿಗೆ ಹಸುವಿನ ಹಾಲು ವಿಪರೀತವಾದರೆ ಕೆಲವು ಮಕ್ಕಳಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಮಲದಲ್ಲಿ ಹೋಗುವುದೂ ಉಂಟು.

ಈ 'ಹಾಲು ಜಾಸ್ತಿ' ಬುದ್ಧಿ ಎಲ್ಲಿಂದ ಬಂತು? ಹಾಲು ಸಿಗದ ಕಾಲದಿಂದ ಬಂತು. ಬೆಂಗಳೂರು ಡೇರಿ ಶುರುವಾದದ್ದು 1965ರಲ್ಲಿ. ಅದಕ್ಕೂ ಮೊದಲು, ಆಮೇಲೂ ಎಷ್ಟೋ ವರ್ಷ, ಮಧ್ಯಮ ವರ್ಗದ ಮನೆಗಳಲ್ಲೂ ಹಾಲಿಗೆ ನೀರು ಬೆರೆಸಿಯೇ ಕೂಸಿಗೆ ಕೊಡುತ್ತಿದ್ದರು. ಆಗ 'ಹಾಲು ಕೊಡ್ರಮ್ಮ' ಎನ್ನುವುದು ಸರಿಯಾದ ಮಾತೇ. ಇವತ್ತು ಮೂಡಲಪಾಳ್ಯದಿಂದ ಹೊಸಹಳ್ಳಿವರೆಗೆ ತಿರುವಿಗೊಂದು ನಂದಿನಿ ಬೂತು. ಬೆಳಗಿನ ಜಾವಕ್ಕೇ ಕ್ರೇಟು ಇಳಿಯುತ್ತದೆ. ಕಾಲ ಬದಲಾಯಿತು, ಬುದ್ಧಿಮಾತು ಬದಲಾಗಲಿಲ್ಲ.

ಹಾಗಾದರೆ ಎಷ್ಟು ಕೊಡಬೇಕು? ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ, ನೀರು ಕೂಡ ಬೇಡ. ಆರು ತುಂಬಿದ ಕೂಡಲೇ ಊಟ ಶುರು, ತಾಯಿ ಹಾಲು ಎರಡು ವರ್ಷ, ಅದರಾಚೆಗೂ ಮುಂದುವರಿಯಬಹುದು. ಎದೆಹಾಲು ಚೆನ್ನಾಗಿ ಸಿಗುವ ಮಗುವಿಗೆ ಹಸುವಿನ ಹಾಲು ಅಳೆದು ಹೊಯ್ಯುವ ತಾಪತ್ರಯವೇ ಇಲ್ಲ. ಎದೆಹಾಲು ನಿಂತುಹೋದ ಮಗುವಿಗೆ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೇಳಿದ ಅಳತೆ ಇದು: ಮೊಟ್ಟೆ, ಮೀನು, ಮಾಂಸ ತಿನ್ನುವ ಮಗುವಾದರೆ ದಿನಕ್ಕೆ 200ರಿಂದ 400 ಮಿಲಿಲೀಟರ್, ಅವು ಇಲ್ಲವಾದರೆ 300ರಿಂದ 500. ಅಂದರೆ ನಮ್ಮ ಅರ್ಧ ಲೀಟರ್ ಪ್ಯಾಕೆಟ್ಟೇ ಮೇಲಿನ ಗಡಿ. ವರ್ಷ ತುಂಬಿದ ಮೇಲೂ ಅರ್ಧ ಲೀಟರಿಗೆ ನಿಲ್ಲಿಸಿ ಎಂಬುದೇ ಮಕ್ಕಳ ವೈದ್ಯರ ಸಾಮಾನ್ಯ ಸಲಹೆ. ಮೊಸರು ಕೊಟ್ಟರೆ ಅದೂ ಈ ಲೆಕ್ಕದಲ್ಲೇ ಸೇರಬೇಕು.

ವರ್ಷದೊಳಗೆ ಹಸುವಿನ ಹಾಲು ಕೊಡಬಹುದೋ ಬಾರದೋ ಎಂಬಲ್ಲಿ ವೈದ್ಯರಲ್ಲೇ ಎರಡು ಮಾತಿದೆ. ಕುಡಿಯುವ ಮುಖ್ಯ ಹಾಲಾಗಿ ವರ್ಷದೊಳಗೆ ಬೇಡ ಎನ್ನುವವರೇ ನಮ್ಮಲ್ಲಿ ಹೆಚ್ಚು. ಎದೆಹಾಲು ಇಲ್ಲದ ಆರು ತಿಂಗಳು ದಾಟಿದ ಮಗುವಿಗೆ ಪುಡಿ ಹಾಲೂ ಆಗಬಹುದು, ಪ್ರಾಣಿಯ ಹಾಲೂ ಆಗಬಹುದು ಎಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನಿಮ್ಮ ಮಗುವಿಗೆ ಯಾವುದು ಎಂದು ನಿಮ್ಮ ಡಾಕ್ಟರನ್ನೇ ಕೇಳಿ, ಅಂಗಡಿಯವನನ್ನು ಬೇಡ. ಡಬ್ಬಿ ಪುಡಿ, ಹಾಲಿನ ಬಾಟಲಿಗಳ ಜಾಹೀರಾತು ಹಾಕುವುದನ್ನೇ 1992ರ ಕಾನೂನು ನಿಷೇಧಿಸಿದೆ. ಅದನ್ನು 2003ರಲ್ಲಿ ಇನ್ನಷ್ಟು ಬಿಗಿ ಮಾಡಲಾಯಿತು. ಕೌಂಟರಿನ ಮೇಲೆ ಡಬ್ಬಿ ತಾನಾಗಿಯೇ ಬಂದು ಕೂರುವುದನ್ನು ತಡೆಯುವ ಕಾನೂನು ಮಾತ್ರ ಇನ್ನೂ ಕಾಣೆವು!

ಇನ್ನು ಊಟದ ಮಾತು. ನಿಜವಾದ ಕೆಲಸ ಇರುವುದು ಇಲ್ಲೇ. ಆರು ತಿಂಗಳಲ್ಲಿ ಎರಡು ಮೂರು ಚಮಚದಿಂದ ಆರಂಭ. ಎಂಟು ತಿಂಗಳ ಹೊತ್ತಿಗೆ ದಿನಕ್ಕೆ ಎರಡು ಮೂರು ಸಾರಿ, ಸಾರಿಗೆ ಅರ್ಧ ಬಟ್ಟಲು. ಬಟ್ಟಲು ಎಂದರೆ 250 ಮಿಲಿಲೀಟರ್ ಹಿಡಿಯುವುದು, ಒಗ್ಗರಣೆ ಸೌಟಲ್ಲ. ಒಂಬತ್ತು ತಿಂಗಳಿಂದ ಮೂರು ನಾಲ್ಕು ಸಾರಿ ಅದೇ ಅರ್ಧ ಬಟ್ಟಲು, ಮಧ್ಯೆ ಹಣ್ಣು, ಇಡ್ಲಿ ಚೂರು. ವರ್ಷ ತುಂಬಿದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು. ಎದೆಹಾಲು ಕುಡಿಯುವ ಮಗುವಿಗೇ ಊಟದಿಂದ ಬರಬೇಕಾದದ್ದು 6-8 ತಿಂಗಳಲ್ಲಿ ದಿನಕ್ಕೆ 200 ಕ್ಯಾಲೊರಿ, 9-11 ತಿಂಗಳಲ್ಲಿ 300, ವರ್ಷದ ಮೇಲೆ 550. ಏರುವ ವೇಗ ನೋಡಿ! ನಮ್ಮ ಮನೆಗಳಲ್ಲಿ ಏರುವುದು ಹಾಲಿನ ಬಾಟಲಿಯ ಸೈಜು ಮಾತ್ರ.

ಏನು ಕೊಡಬೇಕು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ ಮಾಡುವ ಸರಿ ಹಿಟ್ಟು ನಮ್ಮ ಸೀಮೆಯ ಅಜ್ಜಿಯರಿಗೆ ಬಾಯಿಪಾಠ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ. 'ಹಾಲು ಕಮ್ಮಿ ಮಾಡಿದರೆ ಮೂಳೆಗೆ ಏನು ಗತಿ' ಎಂದು ಕೇಳುವವರಿಗೆ ಇದೇ ಉತ್ತರ. ಮೊಳಕೆ ಬರಿಸುವುದರಲ್ಲಿ ಇನ್ನೊಂದು ಗುಟ್ಟಿದೆ. ಮೊಳಕೆ ಹಿಟ್ಟಿನ ಗಂಜಿ ಅಷ್ಟಾಗಿ ಮಂದವಾಗುವುದಿಲ್ಲ, ಆದ್ದರಿಂದ ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಚಿಕ್ಕ ಹೊಟ್ಟೆಗೆ ಹೆಚ್ಚು ಶಕ್ತಿ! ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯ ಮಲ್ಲೇಶಿ ಮತ್ತು ದೇಸಿಕಾಚಾರ್ ಅವರು 1980ರ ದಶಕದ ಆರಂಭದಲ್ಲಿ ಮೊಳಕೆ ರಾಗಿ, ಹೆಸರುಕಾಳು ಸೇರಿಸಿ ಇಂಥ ಶಿಶು ಆಹಾರವನ್ನೇ ರೂಪಿಸಿದ್ದರು. ಅದೇ ಸಂಸ್ಥೆ 1950ರ ದಶಕದಲ್ಲಿ ಎಮ್ಮೆ ಹಾಲಿನಿಂದ ಡಬ್ಬಿ ಪುಡಿ ಮಾಡುವ ವಿಧಾನವನ್ನೂ ಕಂಡುಹಿಡಿದಿತ್ತು. ಪುಡಿ ಊರೆಲ್ಲಾ ಹೆಸರಾಯಿತು, ಮೊಳಕೆ ರಾಗಿ ಅಜ್ಜಿಯ ಹತ್ತಿರವೇ ಉಳಿಯಿತು.

ಆದರೆ ಸರಿಯನ್ನು ನೀರು ನೀರು ಮಾಡಿ ಬಾಟಲಿಗೆ ಹಾಕಿ ತೂತು ದೊಡ್ಡದು ಮಾಡಿ ಕುಡಿಸುವುದಿದೆಯಲ್ಲ, ಅದು ಊಟವಲ್ಲ. ಚಮಚ ಓರೆ ಮಾಡಿದರೆ ಹರಿದು ಹೋಗಬಾರದು, ಅಷ್ಟು ಗಟ್ಟಿ ಇರಬೇಕು. ಬರೀ ಸರಿಯಿಂದಲೂ ಆಗದು. ಗಟ್ಟಿ ತೊವ್ವೆ ಕಲಸಿದ ಅನ್ನಕ್ಕೆ ಒಂದು ಚಮಚ ತುಪ್ಪ, ಬೆಂದ ಸೊಪ್ಪು, ಕ್ಯಾರೆಟ್ಟು, ಬಾಳೆಹಣ್ಣು. ತಿನ್ನುವ ಮನೆಯವರು ಮೊಟ್ಟೆ, ಈಲಿ, ಮೀನನ್ನು ಆರು ತಿಂಗಳಿಂದಲೇ ಕೊಡಬಹುದು, ಕಬ್ಬಿಣ ಚೆನ್ನಾಗಿ ಹತ್ತುವುದು ಅದರಿಂದಲೇ. ತಿನ್ನದವರು ಬೇಳೆ, ಸೊಪ್ಪಿನ ಜೊತೆ ನಾಲ್ಕು ಹನಿ ನಿಂಬೆರಸ ಹಿಂಡಲಿ. ವರ್ಷದೊಳಗೆ ಜೇನುತುಪ್ಪ ನಾಲಿಗೆಗೆ ಸವರಲೇಬಾರದು. ಉಪ್ಪು, ಸಕ್ಕರೆ ಬೇಡ. ಇಡೀ ಕಡಲೆಕಾಯಿ ಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ದೂರ ಇಡಿ. ಟೀಗೆ ಬಿಸ್ಕತ್ತು ಅದ್ದಿ ಕೂಸಿನ ಬಾಯಿಗಿಡುವ ಚಟವಂತೂ ನಮ್ಮ ಬಡಾವಣೆಗಳಲ್ಲಿ ವಿಪರೀತ. ಟೀ ಇದ್ದಬದ್ದ ಕಬ್ಬಿಣವನ್ನೂ ಕಟ್ಟಿಹಾಕುತ್ತದೆ.

ಇದನ್ನೆಲ್ಲಾ ಬರೆದು ತಾಯಂದಿರನ್ನೇ ದೂರುವುದು ಸುಲಭ. ನಾವು ದೂರುವುದಿಲ್ಲ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರ ಆಯಿತು, ಒಳ್ಳೆಯದೇ. ಆದರೆ 26 ವಾರ ಅಂದರೆ ಆರು ತಿಂಗಳು! ಸರಿಯಾಗಿ ಕೂಸಿಗೆ ಬಟ್ಟಲು ಹಿಡಿದು ಕೂರಬೇಕಾದ ದಿನವೇ ತಾಯಿ ಮೈಸೂರು ರಸ್ತೆಯ ಗಾರ್ಮೆಂಟ್ಸ್ ಬಸ್ಸು ಹತ್ತಬೇಕು. ಮನೆಗೆಲಸಕ್ಕೆ, ಕಾಮಾಕ್ಷಿಪಾಳ್ಯದ ಸಣ್ಣ ವರ್ಕ್‌ಶಾಪುಗಳಿಗೆ ಹೋಗುವವರಿಗೆ ಆ ರಜೆಯೂ ಕೈಗೆಟುಕದು. ಸಾರಿಗೆ ಅರ್ಧ ಗಂಟೆ ಕೂತು, ಕತೆ ಹೇಳಿ, ಕಾಗೆ ತೋರಿಸಿ ಅನ್ನ ತಿನ್ನಿಸುವವರು ಯಾರು? ಮಂಡಿನೋವಿನ ಅಜ್ಜಿ, ಇಲ್ಲವೇ ಪಕ್ಕದ ವಠಾರದಲ್ಲಿ ಎಂಟು ಮಕ್ಕಳನ್ನು ನೋಡಿಕೊಳ್ಳುವ ಹೆಂಗಸು. ಆಕೆ ಎಂಟು ಬಾಟಲಿ ಕೊಟ್ಟು ಮಲಗಿಸುತ್ತಾಳೆ. ಬೇರೇನು ಮಾಡಿಯಾಳು? ಹಳ್ಳಿಗಳಿಗಾದರೆ 'ಕೂಸಿನ ಮನೆ' ಎಂದು ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರಗಳನ್ನು 2023-24ರ ಆಯವ್ಯಯದಲ್ಲಿ ಸರ್ಕಾರ ಘೋಷಿಸಿತು. ವಿಜಯನಗರ ಗ್ರಾಮ ಪಂಚಾಯಿತಿಯಲ್ಲ, ಆದ್ದರಿಂದ ಇಲ್ಲಿನ ಕೂಸಿಗೆ ಆ ಮನೆಯಿಲ್ಲ.

ಇನ್ನೊಂದು ವಿಚಿತ್ರ ಕೇಳಿ. ಸರ್ಕಾರಿ ಲಸಿಕೆಯ ಪಟ್ಟಿ ನೋಡಿ: ಹುಟ್ಟಿದಾಗ, ಆಮೇಲೆ 6, 10, 14 ವಾರಕ್ಕೆ. ಮುಂದಿನದು ಒಂಬತ್ತು ತಿಂಗಳಿಗೆ, ದಡಾರದ ಚುಚ್ಚುಮದ್ದು. ನಡುವೆ ಐದಾರು ತಿಂಗಳು ತಾಯಿ ಆಸ್ಪತ್ರೆಯ ಬಾಗಿಲು ತುಳಿಯಬೇಕಾದ ಕೆಲಸವೇ ಇಲ್ಲ. ಊಟ ಶುರುವಾಗಬೇಕಾದ ಆರನೇ ತಿಂಗಳು ಸರಿಯಾಗಿ ಈ ಖಾಲಿ ಜಾಗದಲ್ಲೇ ಬಿದ್ದಿದೆ! ಆಗ ಕೂಸನ್ನು ತೂಗುವವರಿಲ್ಲ, 'ಏನು ತಿನ್ನಿಸ್ತಿದೀಯಮ್ಮ' ಎಂದು ಕೇಳುವವರಿಲ್ಲ. ಗಂಡಾದರೆ ಸಮ ತಿಂಗಳು, ಹೆಣ್ಣಾದರೆ ಬೆಸ ತಿಂಗಳು ಎಂದು ಅನ್ನಪ್ರಾಶನ ಮಾಡುವ ಮನೆಗಳಲ್ಲಾದರೂ ಒಂದು ದಿನ ಗೊತ್ತಾಗಿರುತ್ತದೆ. ಆದರೆ ಅಂದು ಪಾಯಸ ನೆಕ್ಕಿಸಿ ಫೋಟೋ ಹಿಡಿದು, ಮಾರನೆ ದಿನದಿಂದ ಮತ್ತೆ ಬಾಟಲಿಯಾದರೆ ಏನು ಬಂತು?

ಕಾಗದದ ಮೇಲೆ ಎಲ್ಲವೂ ಇದೆ. 2018ರ ಯೋಜನೆಯಂತೆ ಆಶಾ ಕಾರ್ಯಕರ್ತೆಯರು 3, 6, 9, 12, 15ನೇ ತಿಂಗಳಲ್ಲಿ ಮನೆಗೆ ಬಂದು ಮಗುವನ್ನು ನೋಡಬೇಕು. ಆರು ತಿಂಗಳಿಂದ ವಾರಕ್ಕೆ ಎರಡು ಬಾರಿ ಒಂದೊಂದು ಮಿಲಿಲೀಟರ್ ಕಬ್ಬಿಣದ ಸಿರಪ್ ಕೊಡಬೇಕು. ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿಯಿಂದ ಮನೆಗೆ ಒಯ್ಯುವ ಆಹಾರ ಸಿಗಬೇಕು, ದಿನಕ್ಕೆ 500 ಕ್ಯಾಲೊರಿಯಷ್ಟು. ಅಂಗನವಾಡಿ ಬಡವರಿಗೆ ಮಾತ್ರ ಅಂತ ಮೂಗು ಮುರಿಯುವವರು ತಿಳಿಯಲಿ, 2006ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ ಅದು ಎಲ್ಲ ಮಕ್ಕಳಿಗೂ ಸಲ್ಲಬೇಕಾದದ್ದು. ಆದರೆ ಹೋದ ವರ್ಷ ಬಾಡಿಗೆಗೆ ಬಂದ ತಾಯಿಗೆ ಅಂಗನವಾಡಿ ಯಾವ ಬೀದಿಯಲ್ಲಿದೆ ಎಂಬುದೇ ಗೊತ್ತಿಲ್ಲ. ಹೊರಗೊಂದು ಸಣ್ಣ ಬೋರ್ಡು, ಅದರ ಮುಂದೆ ನಾಲ್ಕು ಸ್ಕೂಟರು.

2025ರ ಸೆಪ್ಟೆಂಬರಿನಲ್ಲಿ ಬಿ.ಬಿ.ಎಂ.ಪಿ. ಹೋಗಿ ಐದು ಪಾಲಿಕೆಗಳು ಬಂದವು. ಹೊಸ ಬೋರ್ಡು, ಹೊಸ ಕಮೀಷನರು. ಹೊಸದಾಗಿ ಒಂದು ಕೆಲಸವನ್ನೂ ಮಾಡಲಿ. ಬಡಾವಣೆಯ ನಮ್ಮ ಕ್ಲಿನಿಕ್‌ಗಳಲ್ಲಿ ತಿಂಗಳಿಗೊಂದು ಭಾನುವಾರ, ಕೆಲಸಕ್ಕೆ ಹೋಗುವ ತಾಯಂದಿರಿಗೂ ಅನುಕೂಲವಾಗುವ ಹಾಗೆ, ಆರು ತಿಂಗಳು ತುಂಬಿದ ಕೂಸುಗಳನ್ನು ಕರೆಸಲಿ. ಹದಿನಾಲ್ಕನೇ ವಾರದ ಚುಚ್ಚುಮದ್ದಿನ ದಿನವೇ ತಾಯಿ ಕಾರ್ಡಿನ ಮೇಲೆ ಆ ತಾರೀಖು ಬರೆದು ಕೊಡಲಿ. ಅಂದು ತೂಕ ನೋಡಿ, ಕಬ್ಬಿಣದ ಸಿರಪ್ ಕೈಗಿಟ್ಟು, 250 ಮಿಲಿಲೀಟರಿನ ಒಂದು ಸ್ಟೀಲ್ ಬಟ್ಟಲು ತೋರಿಸಿ 'ಇಷ್ಟು ಊಟ, ಇಷ್ಟೇ ಹಾಲು' ಎಂದು ಹೇಳಿ ಕಳಿಸಲಿ. ಅಜ್ಜಿಯನ್ನೂ ಜೊತೆಗೆ ಕರೆದುಕೊಂಡು ಬಾ ಎಂದು ಹೇಳುವುದನ್ನು ಮರೆಯದಿರಲಿ. ಮನೆಯಲ್ಲಿ ನಡೆಯುವುದು ಆಕೆಯ ಮಾತೇ.

ಒಂದು ತೂಕದ ಯಂತ್ರ, ಒಂದು ಬಟ್ಟಲು, ಒಬ್ಬರು ನರ್ಸಮ್ಮ. ಇದಕ್ಕೆ ಖರ್ಚೆಷ್ಟು, ಯಾವ ಭಾನುವಾರದಿಂದ ಶುರು, ಪಾಲಿಕೆಯ ಆರೋಗ್ಯಾಧಿಕಾರಿಗಳು ತಿಳಿಸಿದರೆ ಇದೇ ಅಂಕಣದಲ್ಲಿ ಅಚ್ಚು ಹಾಕುತ್ತೇವೆ.