ಹಳೆಯ ಕಂಠ, ಹೊಸ ಗರ್ಜನೆ

ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ ಕೂಡಿತೆಂದರೆ ನಾಟಕ ಕಂಪನಿಗಳ ಡೇರೆಗಳು ಸಾಲುಗಟ್ಟಿ ನಿಲ್ಲುತ್ತವೆ. ಹುನಗುಂದ, ಇಳಕಲ್ಲುಗಳಿಂದ ಬುತ್ತಿ ಕಟ್ಟಿಕೊಂಡು ಬಂದವರು ಈ ಸಲ ಯಾವ ಕಂಪನಿಯಲ್ಲಿ ಯಾರಿದ್ದಾರೆಂದು ಮೊದಲು ವಿಚಾರಿಸಿ, ಆಮೇಲೆ ಟಿಕೀಟು ಕೊಳ್ಳುತ್ತಾರೆ. ನಾಟಕ ಅದೇ, ಪರದೆ ಅದೇ, ಪೇಟಿ ಬಾರಿಸುವವನೂ ಅವನೇ. ಆದರೂ ಮುಖ್ಯ ನಟ ಕಂಪನಿ ಬಿಟ್ಟನೆಂದರೆ ಅರ್ಧ ಡೇರೆ ಬರಿದಾಗುವುದುಂಟು. ಹೀಗೆ ಬಿಟ್ಟುಹೋದವನು ಹತ್ತು ವರ್ಷಗಳ ಮೇಲೆ ಮರಳಿ ಬಂದು ಅದೇ ರಂಗದ ಮೇಲೆ ನಿಂತರೆ ಏನಾದೀತು?

ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ವೆಸ್ಟ್‌ಫೀಲ್ಡಿನಲ್ಲಿ 1999ರಲ್ಲಿ ಹುಟ್ಟಿದ ‘ಕಿಲ್‌ಸ್ವಿಚ್ ಎಂಗೇಜ್’ ಎಂಬ ವಾದ್ಯತಂಡದಲ್ಲಿ ಇದೇ ನಡೆಯಿತು. ಇವರ ಸಂಗೀತಕ್ಕೆ ಮೆಟಲ್‌ಕೋರ್ ಎಂದು ಹೆಸರು. ಹಾರ್ಡ್‌ಕೋರ್ ಪಂಕ್ ಎಂಬ ಬೀದಿಯ ಸಿಟ್ಟಿನ ಹಾಡಿಗೆ ಹೆವಿ ಮೆಟಲ್ಲಿನ ಘನಘೋಷವನ್ನು ಕೂಡಿಸಿದ ಪ್ರಕಾರವಿದು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಅವೆರಡನ್ನೂ ಒಂದಾಗಿಸುತ್ತಾರೆ. ಇಲ್ಲಿಯೂ ಸಾಮಾನ್ಯವಾಗಿ ಚರಣ ಗರ್ಜನೆಯಲ್ಲಿ, ಪಲ್ಲವಿ ಇಂಪಾದ ಕಂಠದಲ್ಲಿ. ನಡುವೆ ಲಯವನ್ನು ತಟ್ಟನೆ ಇಳಿಸಿ, ಡ್ರಮ್ಮು ಗಿಟಾರುಗಳೆಲ್ಲ ಒಂದೇ ಪೆಟ್ಟಿನಲ್ಲಿ ಬೀಳುವ ಘಟ್ಟವೊಂದುಂಟು; ಅದನ್ನು ಬ್ರೇಕ್‌ಡೌನ್ ಎನ್ನುತ್ತಾರೆ. ಕೇಳಿ ಕಿವಿ ಮುಚ್ಚಿಕೊಳ್ಳುವವರು ಇರಬಹುದು. ಆದರೆ ಹೋಳಿಯ ದಿನಗಳಲ್ಲಿ ಬಾಗಲಕೋಟೆಯ ಓಣಿಯೊಳಗೆ ಹಲಗೆಗಳ ಮೇಳದ ನಟ್ಟನಡುವೆ ನಿಂತವರಿಗೆ ಸದ್ದಿನ ಭಾರವೆಂಬುದು ಹೊಸ ಸಂಗತಿಯಲ್ಲ. ಬೆಂಗಳೂರಿನ ಅರಮನೆ ಮೈದಾನವಂತೂ 2007ರಲ್ಲಿ ಐರನ್ ಮೇಡನ್ ತಂಡವನ್ನೂ 2011ರಲ್ಲಿ ಮೆಟಾಲಿಕಾವನ್ನೂ ಕಂಡಿದೆ.

ತಂಡದ ಮೊದಲ ಗಾಯಕ ಜೆಸ್ಸಿ ಲೀಚ್. 2002ರಲ್ಲಿ ‘ಅಲೈವ್ ಆರ್ ಜಸ್ಟ್ ಬ್ರೀದಿಂಗ್’ ಎಂಬ ಎರಡನೆಯ ಧ್ವನಿಮುದ್ರಿಕೆ ಹೊರಬಂದು ಹೆಸರು ಕುದುರುತ್ತಿದ್ದ ಹೊತ್ತಿಗೆ ಆತ ತಂಡವನ್ನು ತೊರೆದ. ಹೊಸದಾಗಿ ಮದುವೆಯಾಗಿತ್ತು, ಗಂಟಲು ಕೆಟ್ಟಿತ್ತು, ಮನಸ್ಸಿಗೆ ಖಿನ್ನತೆ ಕವಿದಿತ್ತು. ಎದುರಿಗೆ ನಿಂತು ಹೇಳುವ ಧೈರ್ಯ ಸಾಲದೆ ಮಿಂಚಂಚೆಯೊಂದನ್ನು ಬರೆದು ಹೊರಟುಹೋದ. ಹೀಗೆ ಹೋದವನನ್ನು ಗೆಳೆಯರು ಕ್ಷಮಿಸುವುದು ಸುಲಭವಲ್ಲ.

ಆ ಜಾಗಕ್ಕೆ ಬಂದ ಹೊವರ್ಡ್ ಜೋನ್ಸನದು ಮಂದ್ರದಲ್ಲಿ ತುಂಬಿ ನಿಲ್ಲುವ ವಿಶಾಲ ಕಂಠ. 2004ರ ‘ದಿ ಎಂಡ್ ಆಫ್ ಹಾರ್ಟೇಕ್’ ಅಮೆರಿಕದಲ್ಲಿ 5 ಲಕ್ಷ ಪ್ರತಿಗಳನ್ನು ದಾಟಿತು. ಅದರ ಶೀರ್ಷಿಕೆಗೀತೆ ಗ್ರ್ಯಾಮಿ ಪ್ರಶಸ್ತಿಗೆ ನಾಮಕರಣಗೊಂಡಿತು. ಕೀರ್ತಿಯೊಡನೆ ಸಂಗೀತದ ಮೊನೆಯೂ ತುಸು ಮೊಂಡಾಯಿತೆಂದರೆ ತಪ್ಪಾಗದು. 2009ರ ಮುದ್ರಿಕೆಯಲ್ಲಿ ನಯವಿದೆ, ನಾಜೂಕಿದೆ. ಹಸಿವು ಮಾತ್ರ ಕಡಿಮೆ. 2012ರ ಜನವರಿಯಲ್ಲಿ ಹೊವರ್ಡನೂ ತಂಡ ಬಿಟ್ಟ. ಮಧುಮೇಹ ಆತನ ದೇಹವನ್ನು ಹಿಂಡಿತ್ತು. ಊರೂರು ಅಲೆಯುವ ಬಾಳು ಆ ರೋಗಕ್ಕೆ ಒಗ್ಗುವಂಥದಲ್ಲ.

ಜೆಸ್ಸಿಯ ದಾರಿ ಅಷ್ಟರೊಳಗೆ ತೆರೆದಿತ್ತು. ತಂಡದ ಗಿಟಾರುಗಾರನೂ ಧ್ವನಿಮುದ್ರಣದ ಸೂತ್ರಧಾರನೂ ಆದ ಆಡಂ ಡಟ್ಕೆವಿಚ್ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದಾಗ ಕೆಲವು ಹಾಡುಗಳನ್ನು ಕಟ್ಟಲಾರಂಭಿಸಿದ್ದ. ಅವನ್ನು ಹಾಡಲು ಕರೆದದ್ದು ಹಳೆಯ ಗೆಳೆಯನನ್ನೇ. ‘ಟೈಮ್ಸ್ ಆಫ್ ಗ್ರೇಸ್’ ಎಂಬ ಹೆಸರಿನಲ್ಲಿ ಅವು 2011ರಲ್ಲಿ ಹೊರಬಂದುವು. ಮುರಿದ ಸ್ನೇಹ ರೋಗಶಯ್ಯೆಯ ಬಳಿ ಬೆಸೆಯಿತು. ಮರುವರ್ಷ ಜೆಸ್ಸಿ ಮಾತೃತಂಡಕ್ಕೆ ಮರಳಿದ.

2013ರ ಏಪ್ರಿಲ್‌ನಲ್ಲಿ ‘ಡಿಸಾರ್ಮ್ ದಿ ಡಿಸೆಂಟ್’ ಬಂತು. ಹನ್ನೆರಡು ಹಾಡುಗಳು. ಮೊದಲ ಹಾಡಿನ ಮೊದಲ ನಿಮಿಷದಲ್ಲಿಯೇ ವೇಗ ಏರಿದೆ, ಡ್ರಮ್ಮಿನ ಪೆಟ್ಟು ಒತ್ತೊತ್ತಾಗಿದೆ, ಗಿಟಾರು ಹಲ್ಲು ಕಡಿಯುತ್ತದೆ. ಸ್ವಾರಸ್ಯವೇನೆಂದರೆ, ವಾದ್ಯಭಾಗದ ಬಹುಪಾಲು ಜೆಸ್ಸಿ ಬರುವ ಮುನ್ನವೇ ಸಿದ್ಧವಾಗಿತ್ತು. ಆದುದರಿಂದ ಗಾಯಕ ಬದಲಾದದ್ದರಿಂದಲೇ ಸಂಗೀತ ಗಡುಸಾಯಿತೆನ್ನುವುದು ಅವಸರದ ಮಾತು. ಗಡುಸಾಗಬಯಸುತ್ತಿದ್ದ ಸಂಗೀತಕ್ಕೆ ತಕ್ಕ ಕಂಠ ದೊರಕಿತೆನ್ನಬೇಕು. ಹೊವರ್ಡನ ಭಾರ ಜೆಸ್ಸಿಯಲ್ಲಿಲ್ಲ, ಆತನದು ಹರಿತ. ‘ಇನ್ ಡ್ಯೂ ಟೈಮ್’ ಹಾಡಿನ ಪಲ್ಲವಿಯಲ್ಲಿ ಆ ಕಂಠ ಮೇಲಕ್ಕೆ ಚಿಮ್ಮುವಾಗ, ಹತ್ತು ವರ್ಷ ಹೊರಗುಳಿದವನ ಆತುರ ಕೇಳಿಸುತ್ತದೆ. ಉತ್ತರಾರ್ಧದ ಹಾಡುಗಳು ಒಂದೇ ಅಚ್ಚಿನಲ್ಲಿ ಎರೆದಂತಿವೆಯೆಂಬುದು ನಿಜ. ಎರಡನ್ನು ಕೈಬಿಟ್ಟಿದ್ದರೆ ಕೃತಿಗೆ ನಷ್ಟವಾಗುತ್ತಿರಲಿಲ್ಲ. ಮುದ್ರಿಕೆ ಬಿಲ್‌ಬೋರ್ಡ್ ಪಟ್ಟಿಯಲ್ಲಿ 7ನೆಯ ಸ್ಥಾನಕ್ಕೇರಿತು. ‘ಇನ್ ಡ್ಯೂ ಟೈಮ್’ ಗ್ರ್ಯಾಮಿ ನಾಮಕರಣ ಪಡೆಯಿತು, ಪ್ರಶಸ್ತಿ ಹಿರಿಯರಾದ ಬ್ಲ್ಯಾಕ್ ಸಬ್ಬತ್ ತಂಡಕ್ಕೆ ಸಂದಿತು.

ಗರ್ಜನೆಗೆ ತೆರಬೇಕಾದ ಸುಂಕ ಬೇರೆಯೇ ಇದೆ. ಅಭ್ಯಾಸವಿಲ್ಲದೆ ಕೂಗಿದವನ ಧ್ವನಿತಂತುಗಳು ಗಾಯಗೊಳ್ಳುತ್ತವೆ. ಬಲ್ಲವರು ಉಸಿರಿನ ಹಿಡಿತದಿಂದ, ತಂತುಗಳ ಮೇಲಿನ ಮಡಿಕೆಗಳನ್ನು ನಡುಗಿಸಿ ಆ ನಾದವನ್ನು ಹೊರಡಿಸುತ್ತಾರೆ. ಜೆಸ್ಸಿಗೆ 2018ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾಯಿತು. ಮೌನವಾಗಿದ್ದು, ಮತ್ತೆ ಮಾತು ಕಲಿತು, ಹಾಡುವುದನ್ನು ಹೊಸದಾಗಿ ಅಭ್ಯಸಿಸಬೇಕಾಯಿತು. ಮರುವರ್ಷದ ‘ಅಟೋನ್‌ಮೆಂಟ್’ ಮುದ್ರಿಕೆಯಲ್ಲಿ ‘ದಿ ಸಿಗ್ನಲ್ ಫೈರ್’ ಎಂಬ ಹಾಡೊಂದಿದೆ. ಅದರಲ್ಲಿ ಜೆಸ್ಸಿಯ ಪಕ್ಕದಲ್ಲಿ ಹಾಡುವವನು ಹೊವರ್ಡ್ ಜೋನ್ಸ್.