ಹರಿಗೋಲಿನ ಸಂಸಾರ

ಮನೆವಾರ್ತೆಗೆಂದು ಮೀಸಲಾದ ಈ ಪುಟದಲ್ಲಿ ದೋಣಿಯ ಮಾತೇಕೆಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಶಿವಮೊಗ್ಗೆ ಭದ್ರಾವತಿಗಳವರಿಗೆ ಸಮುದ್ರವು ಘಟ್ಟದ ಕೆಳಗಿನ ಸಂಗತಿ; ಹಾಯಿ ಕಟ್ಟಿದ ನೌಕೆಯು ಚಿತ್ರದಲ್ಲಿ ಕಾಣತಕ್ಕ ವಸ್ತು. ಹೀಗಿದ್ದರೂ, ಮುಂಗಾರಿಗೆ ಮೊದಲು ಹೆಂಚು ಕೈಯಾಡಿಸುವ, ಜಂತೆಗೆ ಹಿಡಿದ ಕುಟ್ಟೆಯನ್ನು ಕೆರೆದು ಎಣ್ಣೆ ಬಳಿಯುವ, ಸವೆದ ಬಾವಿಹಗ್ಗವನ್ನು ಕಾಲವರಿತು ಬದಲಿಸುವ ಗೃಹಸ್ಥನಿಗೂ, ನೀರಿನ ಮೇಲೆ ಬಾಳುವವನಿಗೂ ಇರುವ ಅಂತರವು ಬಹಳವಲ್ಲ. ಒಬ್ಬನ ಮನೆಗೆ ನೀರು ಮೇಲಿನಿಂದ ಬರುತ್ತದೆ, ಇನ್ನೊಬ್ಬನ ಮನೆಗೆ ಕೆಳಗಿನಿಂದ; ಅಷ್ಟೆ.

ಕಡಲಿನ ಹಾಯಿದೋಣಿಯಲ್ಲಿ ತಿಂಗಳುಗಟ್ಟಲೆ ವಾಸಮಾಡುವವರ ದಿನಚರಿಯನ್ನು ವಿಚಾರಿಸಿದರೆ, ಅದರಲ್ಲಿ ಸಾಹಸಕ್ಕಿಂತ ರಿಪೇರಿಯ ಪಾಲೇ ದೊಡ್ಡದು. ಹರಿದ ಹಾಯಿಗೆ ಹೊಲಿಗೆ, ಉಜ್ಜಿ ನವೆದ ಹಗ್ಗಕ್ಕೆ ಹೆಣಿಗೆ, ಉಪ್ಪು ಹಿಡಿದ ಕೀಲಿಗೆ ಎಣ್ಣೆ, ಹೀಗೆ ಬೆಳಗು ಬೈಗಾಗುತ್ತದೆ. ನಮ್ಮ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ‘ತಾರಿಣಿ’ಯೆಂಬ 55 ಅಡಿ ಉದ್ದದ ಹಾಯಿದೋಣಿಯಲ್ಲಿ 2017ರ ಸೆಪ್ಟೆಂಬರ್ 10ರಂದು ಗೋವೆಯಿಂದ ಹೊರಟು, ಭೂಮಂಡಲವನ್ನು ಸುತ್ತಿ, 2018ರ ಮೇ 21ರಂದು ಅಲ್ಲಿಗೇ ಮರಳಿದುದು ವಾಚಕರ ನೆನಪಿನಲ್ಲಿರಬಹುದು. ದಕ್ಷಿಣ ಸಾಗರದ ಬಿರುಗಾಳಿಗಳನ್ನೆಲ್ಲ ತಾಳಿಕೊಂಡು ಬಂದ ಆ ದೋಣಿಯು, ಪ್ರಯಾಣದ ಕೊನೆಯ ಪಾದದಲ್ಲಿ, ಚುಕ್ಕಾಣಿಯ ಸಲಕರಣೆ ಕೆಟ್ಟುದರಿಂದ ಮಾರಿಷಸ್ ದ್ವೀಪದಲ್ಲಿ ತಂಗಬೇಕಾಯಿತು. ಸಂಸಾರಸ್ಥರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಮನೆಯಲ್ಲಿಯೂ ಮದುವೆಯ ಮಹಾಸಂಭ್ರಮವೆಲ್ಲ ಸುಸೂತ್ರವಾಗಿ ನಡೆದು, ಬೀಗರು ಹೊರಡುವ ಹೊತ್ತಿಗೆ ಬಚ್ಚಲಿನ ನಲ್ಲಿ ಕೈಕೊಡುವುದುಂಟು.

ನಮ್ಮ ಎರಡು ಊರುಗಳಿಗೆ ಹಾಯಿದೋಣಿಯಿಲ್ಲದಿದ್ದರೇನಂತೆ, ಹರಿಗೋಲಿದೆ. ಶಿವಮೊಗ್ಗೆಯ ಮಗ್ಗುಲಲ್ಲಿ ಬರುವ ತುಂಗೆಯೂ, ಹಿಂದೆ ಬೆಂಕಿಪುರವೆನಿಸಿಕೊಂಡಿದ್ದ ಭದ್ರಾವತಿಯ ನಡುವೆ ಹರಿಯುವ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ, ಅಲ್ಲಿಂದ ಮುಂದಕ್ಕೆ ತುಂಗಭದ್ರೆಯೆನಿಸುತ್ತವೆ. ಈ ಹೊಳೆಗಳಿಗೆ ತಕ್ಕ ವಾಹನವೆಂದರೆ ಇದೇ. ಬೇಸಗೆಯಲ್ಲಿ ಬಂಡೆಯೂ ಮಳಲೂ ಮೇಲೆದ್ದು, ಎಲ್ಲಿ ಮೊಳಕಾಲುದ್ದ ಎಲ್ಲಿ ಆಳುದ್ದ ಎಂಬುದು ಹೊರನೋಟಕ್ಕೆ ತಿಳಿಯದ ನೀರಿನಲ್ಲಿ ಮರದ ದೋಣಿ ಕಲ್ಲಿಗೆ ಸಿಕ್ಕಿ ನಿಂತುಬಿಡುವುದು. ಹರಿಗೋಲಾದರೋ ಗೇಣು ನೀರಿದ್ದರೆ ತೇಲುತ್ತದೆ. ಕಲ್ಲಿಗೆ ತಗುಲಿದರೆ ಬಿದಿರಿನ ಮೈ ಬಾಗಿ ದಾರಿ ಬಿಡುತ್ತದೆ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇದೇ ತುಂಗಭದ್ರೆಯು ಬಹುದೂರ ಸಾಗಿದ ಮೇಲೆ ಸಿಕ್ಕುವ ಆನೆಗೊಂದಿಯ ಕಡವಿನಲ್ಲಿ, ಬುಟ್ಟಿಯಂತೆ ದುಂಡಾಗಿ ಹೊರಗೆ ಚರ್ಮ ಹೊದೆಸಿದ ದೋಣಿಗಳನ್ನು ನೋಡಿ ಬರೆದಿಟ್ಟಿದ್ದಾನೆ. ಅವು ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆಂದು ಮೆಚ್ಚಿಕೊಂಡಿದ್ದಾನಾದರೂ, ನೆಟ್ಟಗೆ ಹೋಗದೆ ಸದಾ ಸುತ್ತುತ್ತಿರುತ್ತವೆಂದು ಹೇಳುವುದನ್ನು ಬಿಟ್ಟಿಲ್ಲ. ಮುಂದು ಹಿಂದು ಎಂಬುದೇ ಇಲ್ಲದ ವಸ್ತು ಸುತ್ತದೆ ಇನ್ನೇನು ಮಾಡೀತು? ಅಂಬಿಗನು ಮುಂಬದಿಯಲ್ಲಿ ಕುಳಿತು, ಹುಟ್ಟಿನಿಂದ ನೀರನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತ ಹೋದರೆ ಸಾಧುವಾದ ಹಸುವಿನಂತೆ ಹಿಂಬಾಲಿಸುತ್ತದೆ.

ಅದನ್ನು ಕಟ್ಟುವ ಬಗೆ ಬುಟ್ಟಿ ಹೆಣೆಯುವ ಬಗೆಯೇ. ಬಲಿತ ಬಿದಿರನ್ನು ಸೀಳಿ ದಬ್ಬೆಗಳನ್ನು ಮಾಡಿ, ನೆಲದ ಮೇಲೆ ಅಡ್ಡನೀಟ ಹಾಸಿ ಹೆಣೆದು, ನಡುವೆ ಕಲ್ಲು ಹೇರಿ, ಹೊರಚಾಚಿದ ತುದಿಗಳನ್ನು ಮೇಲಕ್ಕೆ ಬಾಗಿಸಿ, ಬಾಯಿಯ ಸುತ್ತಲೂ ದಪ್ಪನೆಯ ಅಂಚು ಕಟ್ಟುತ್ತಾರೆ. ಹೊದಿಕೆಗೆ ಹಿಂದೆ ಎಮ್ಮೆ ದನಗಳ ತೊಗಲು. ಈಗ ಪ್ಲಾಸ್ಟಿಕ್ಕಿನ ಹಾಳೆ ಅಥವಾ ಚೀಲ, ಅದರ ಮೇಲೆ ಡಾಂಬರು. ಇಡಿಯ ನೌಕೆಯಲ್ಲಿ ರಿಪೇರಿಗೆ ಬಾರದ ಭಾಗವೊಂದೂ ಇಲ್ಲವೆಂಬುದು ಇದರ ಹಿರಿಮೆ. ದಬ್ಬೆ ಮುರಿದರೆ ಆ ಒಂದು ದಬ್ಬೆಯ ಪಕ್ಕಕ್ಕೆ ಇನ್ನೊಂದನ್ನು ತೂರಿಸಿ ಕಟ್ಟಬಹುದು. ಹೊದಿಕೆ ಹರಿದರೆ ತೇಪೆ ಹಾಕಬಹುದು. ಇದಕ್ಕೆ ಬೇಕಾದ ಉಪಕರಣವೆಂದರೆ ಒಂದು ಕತ್ತಿ, ಒಂದು ಕುಂಚ, ಒಂದು ಹಳೆಯ ಡಬ್ಬಿ.

ತೇಪೆಯ ವಿಷಯವನ್ನು ತುಸು ವಿಸ್ತರಿಸಿ ಹೇಳುತ್ತೇವೆ. ನೀರಿನ ತೊಟ್ಟಿಗೂ ತಗಡಿನ ಮಾಡಿಗೂ ಇದೇ ನ್ಯಾಯವು ಸಲ್ಲುವುದರಿಂದ ನದಿಯಿಂದ ದೂರವಿರುವವರಿಗೂ ಪ್ರಯೋಜನವಾದೀತು. ಮೊದಲು ಹರಿಗೋಲನ್ನು ಬೋರಲು ಹಾಕಿ ನೆರಳಿನಲ್ಲಿ ಚೆನ್ನಾಗಿ ಒಣಗಿಸಬೇಕು. ಒದ್ದೆಯ ಮೇಲೆ ಹಚ್ಚಿದ ಡಾಂಬರು ಎರಡು ದಿನದ ನೆಂಟ. ಒಣಗಿದ ತರುವಾಯ ಎತ್ತಿ ಹಿಡಿದು ಒಳಗಿನಿಂದ ಬಿಸಿಲಿನ ಕಡೆಗೆ ನೋಡಿದರೆ ಹೊದಿಕೆಯ ರಂಧ್ರಗಳು ನಕ್ಷತ್ರಗಳಂತೆ ಮಿನುಗುತ್ತವೆ. ಒಂದೊಂದಕ್ಕೂ ಸುಣ್ಣದ ಗುರುತು ಮಾಡಿಕೊಳ್ಳಬೇಕು. ರಂಧ್ರವು ಎಷ್ಟೇ ಚಿಕ್ಕದಿರಲಿ, ತೇಪೆಯು ಸುತ್ತಲೂ ನಾಲ್ಕು ಬೆರಳು ಮೀರಿರಬೇಕು; ಮೂಲೆಯುಳ್ಳ ತೇಪೆ ಮೂಲೆಯಿಂದಲೇ ಏಳುವುದರಿಂದ ಅದನ್ನು ದುಂಡಗೆ ಕತ್ತರಿಸುವುದು ಮೇಲು. ಬಿಸಿ ಡಾಂಬರನ್ನು ಬಳಿದು, ತುಂಡನ್ನಿಟ್ಟು, ನಡುವಿನಿಂದ ಅಂಚಿಗೆ ಗಾಳಿಯನ್ನು ಒತ್ತಿ ಹೊರಡಿಸಿ, ಮೇಲೆ ಇನ್ನೊಂದು ಲೇಪ ಕೊಟ್ಟರೆ ಆಯಿತು. ಡಾಂಬರು ಕಾಯಿಸುವಾಗ ಮಕ್ಕಳನ್ನು ದೂರವಿಡಬೇಕು. ಒಂದು ವೇಳೆ ಅದಕ್ಕೆ ಬೆಂಕಿ ಹತ್ತಿದರೆ ನೀರು ಸುರಿಯಲೇಬಾರದು. ಸುರಿದರೆ ಉರಿಯುವ ಡಾಂಬರು ಸಿಡಿದು ಸುತ್ತಲೂ ಹರಡುತ್ತದೆ. ಮುಚ್ಚಳವನ್ನು ಮುಚ್ಚಿ ಒಲೆಯನ್ನು ಆರಿಸಬೇಕು. ಈ ಒಂದು ಮಾತನ್ನು ಎಣ್ಣೆಯ ಬಾಣಲೆಯ ಮುಂದೆ ನಿಲ್ಲುವ ನಮ್ಮ ಗೃಹಿಣಿಯರೂ ನೆನಪಿನಲ್ಲಿಡಲೆಂದು ಬಯಸುತ್ತೇವೆ.

ಡಾಂಬರಿನ ಮಾತು ಬಂದುದರಿಂದ ಭದ್ರಾವತಿಯ ಒಂದು ಹಳೆಯ ಸಂಗತಿಯನ್ನು ಹೇಳದೆ ಮುಂದುವರಿಯಲಾರೆವು. ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಿಂದ ಮೈಸೂರು ಸಂಸ್ಥಾನವು ಅಲ್ಲಿ ಸ್ಥಾಪಿಸಿ, 1923ರಲ್ಲಿ ಕಬ್ಬಿಣವನ್ನು ಹೊರತಂದ ಕಾರ್ಖಾನೆಯಲ್ಲಿ ಕುಲುಮೆಗೆ ಉರಿಸುತ್ತಿದ್ದುದು ಕಲ್ಲಿದ್ದಲನ್ನಲ್ಲ, ಮಲೆನಾಡಿನ ಮರದ ಇದ್ದಿಲನ್ನು. ಮರವನ್ನು ಗಾಳಿಯಾಡದಂತೆ ಕಾಯಿಸಿ ಇದ್ದಿಲು ಮಾಡುವಾಗ ಹೊರಡುವ ಹೊಗೆಯನ್ನು ತಣಿಸಿದರೆ ಟಾರು ಮೊದಲಾದ ಉಪವಸ್ತುಗಳು ದೊರೆಯುತ್ತವೆ. ಅದಕ್ಕಾಗಿ ಅಲ್ಲಿ ದೊಡ್ಡ ಭಟ್ಟಿಯಿತ್ತು. ಉತ್ತರ ಯೂರೋಪಿನ ನಾವಿಕರು ಶತಮಾನಗಳ ಕಾಲ ಹಡಗಿನ ಹಲಗೆಗೂ ಹಗ್ಗಕ್ಕೂ ಬಳಿಯುತ್ತಿದ್ದುದು ಇಂಥ ಮರದ ಟಾರನ್ನೇ. ಸಮುದ್ರವನ್ನೇ ಕಾಣದ ಊರಿನಲ್ಲಿ ಹಡಗಿನ ಔಷಧವು ತಯಾರಾಗುತ್ತಿತ್ತೆಂಬುದು ನಮಗೆ ವಿನೋದವಾಗಿ ಕಾಣುತ್ತದೆ. ಇಂದು ಹರಿಗೋಲಿಗೆ ಹಚ್ಚುವುದು ರಸ್ತೆಗೆ ಹಾಕುವ ಪೆಟ್ರೋಲಿಯಂ ಡಾಂಬರು. ಇದು ಬೇಸಗೆಯ ಬಿಸಿಲಿಗೆ ಕರಗಿ ಇಳಿಯುವುದರಿಂದ, ಕೆಲಸವಿಲ್ಲದ ಹರಿಗೋಲನ್ನು ದಂಡೆಯ ಮರದಡಿಯಲ್ಲಿಯೇ ಇಡಬೇಕು.

ಇಷ್ಟೆಲ್ಲ ಉಪಚಾರ ಮಾಡಿಸಿಕೊಳ್ಳುವ ವಸ್ತುವು ಪ್ರತಿಯಾಗಿ ಏನು ಕೊಡುತ್ತದೆ? ಮಳೆ ನಿಂತು ನೀರು ತಿಳಿಯಾದ ಮೇಲೆ, ಕಾರ್ತಿಕದ ಒಂದು ಬೆಳಗ್ಗೆ, ಅಂಬಿಗನ ಒಪ್ಪಿಗೆ ಪಡೆದು ತುಂಗೆಯ ಮೇಲೆ ಒಂದು ಗಳಿಗೆ ಕುಳಿತು ನೋಡಿದವರು ಈ ಪ್ರಶ್ನೆಯನ್ನು ಕೇಳಲಾರರು. ಕುಳಿತವನಿಗೂ ಹೊಳೆಗೂ ನಡುವೆ ಇರುವುದು ಬೆರಳುದಪ್ಪದ ಹೆಣಿಗೆ. ಕೆಳಗೆ ಹರಿಯುವ ನೀರಿನ ತಂಪು ಅಂಗಾಲಿಗೆ ತಾಗುತ್ತದೆ. ಉರುಳುಗಲ್ಲುಗಳ ಮೇಲೆ ನೀರು ಮಾಡುವ ಗುಳುಗುಳು ಶಬ್ದವು ಬುಟ್ಟಿಯೊಳಗೆ ತುಂಬಿಕೊಂಡು ತಂಬೂರಿಯ ಶ್ರುತಿಯಂತೆ ಕೇಳಿಸುತ್ತದೆ. ತುಂಗಾಪಾನವೆಂದು ಹಿರಿಯರು ಹೊಗಳಿದ ನೀರು ಕೈಯಳತೆಯಲ್ಲಿರುತ್ತದೆ. ಇಂದು ಮಾತ್ರ ಪಟ್ಟಣದ ಕೆಳಭಾಗದಲ್ಲಿ ಅದನ್ನು ಕುದಿಸದೆ ಕುಡಿಯಬೇಡಿರೆಂದು ನಾವು ಹೇಳಬೇಕಾಗಿದೆ. ಹುಟ್ಟನ್ನು ಒಂದು ಗಳಿಗೆ ಎತ್ತಿ ಹಿಡಿದರೆ ಹರಿಗೋಲು ತಾನಾಗಿಯೇ ಮೆಲ್ಲನೆ ತಿರುಗಿ, ದಂಡೆಯ ಮರವನ್ನೂ, ಗೋಪುರವನ್ನೂ, ಬಟ್ಟೆ ಒಗೆಯುವವರನ್ನೂ ಒಂದೊಂದಾಗಿ ಮುಂದಕ್ಕೆ ತಂದು ತೋರಿಸುತ್ತದೆ. ಪಾಯೆಸನಿಗೆ ಅವಸರವಿದ್ದಿರಬೇಕು. ಬೇಸಗೆಯಲ್ಲಿ ಭದ್ರಾ ಜಲಾಶಯದ ನೀರು ಇಳಿದಾಗ ಮೇಲೇಳುವ ನಡುಗಡ್ಡೆಗಳಲ್ಲಿ ರೀವ ಹಕ್ಕಿಗಳು ಸಾವಿರಗಟ್ಟಲೆ ಗೂಡು ಮಾಡುತ್ತವೆ. ಹೊಳೆಯ ಮೇಲೆ ಕೂಡ ಅವು ಕತ್ತರಿಬಾಲವನ್ನು ಬಿಚ್ಚಿ ಮೀನಿಗೆ ಎರಗುವುದನ್ನು ಕಾಣಬಹುದು. ಬಲೆಯ ಕಸುಬಿನಲ್ಲಿ ಊರಿಂದೂರಿಗೆ ಸಾಗುವ ಬೆಸ್ತರ ಕುಟುಂಬಗಳಿಗಂತೂ ಹರಿಗೋಲು ಹಗಲು ದೋಣಿ, ರಾತ್ರಿ ಮಾಡು. ದಂಡೆಯಲ್ಲಿ ಬೋರಲು ಹಾಕಿ ಒಂದು ಬದಿಗೆ ಕೋಲು ಆನಿಸಿದರೆ ಅದರಡಿಯಲ್ಲಿ ಒಲೆಯೂ ಉರಿದೀತು, ಕೂಸೂ ಮಲಗೀತು. ಬಾಡಿಗೆಯಿಲ್ಲದ ಮನೆ.

ಈ ಸಾಧುಪ್ರಾಣಿಯೂ ಒಂದು ವಿಷಯದಲ್ಲಿ ಕ್ಷಮಿಸುವುದಿಲ್ಲ. 2016ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗೆಗೆ ಸಮೀಪದ ಹಾಡೋನಹಳ್ಳಿಯ ಬಳಿ ತುಂಗಭದ್ರೆಯಲ್ಲಿ, ಗಣಪತಿಯನ್ನು ಬಿಡಲು ಹೋದ ತೆಪ್ಪ ಮಗುಚಿ ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಹಬ್ಬದ ಮನೆಗಳಿಗೆ ಆ ದಿನ ಬಂದ ದುಃಖವನ್ನು ಇಲ್ಲಿ ವರ್ಣಿಸಲಾರೆವು. ಇಂಥ ದೋಣಿ ಮಗುಚುವ ಬಗೆಯನ್ನಾದರೂ ತಿಳಿದಿರುವುದು ಅಗತ್ಯ. ಎಲ್ಲರೂ ಅಂಚಿನ ಸುತ್ತ ತಗ್ಗಾಗಿ ಕುಳಿತಿರುವವರೆಗೆ ಹರಿಗೋಲು ಸ್ಥಿರ. ಒಬ್ಬನು ಎದ್ದು ನಿಂತರೆ ಭಾರದ ಕೇಂದ್ರವು ಮೇಲೇರುತ್ತದೆ. ಎತ್ತರದ ವಿಗ್ರಹವನ್ನಿಟ್ಟರೆ ಇನ್ನೂ ಮೇಲೇರುತ್ತದೆ. ವಿಸರ್ಜನೆಯ ಕ್ಷಣದಲ್ಲಿ ಎಲ್ಲರೂ ಒಂದೇ ಬದಿಗೆ ಬಾಗಿದರೆ ಆ ಬದಿಯ ಅಂಚು ನೀರಿನ ಮಟ್ಟಕ್ಕಿಳಿದು, ಒಮ್ಮೆಲೆ ಬೊಗಸೆಯಂತೆ ಹೊಳೆಯನ್ನು ಮೊಗೆದುಕೊಳ್ಳುತ್ತದೆ. ತಳದಲ್ಲಿ ಮೊದಲೇ ನೀರು ನಿಂತಿದ್ದರೆ ಅದೂ ವಾಲಿದ ಕಡೆಗೇ ಓಡಿ ಕೇಡನ್ನು ಹೆಚ್ಚಿಸುತ್ತದೆ. ಆದಕಾರಣವೇ ಬಲ್ಲ ಅಂಬಿಗನು ತೆಂಗಿನ ಕರಟದಿಂದಲೋ ಡಬ್ಬಿಯಿಂದಲೋ ಬಿಡುವಾದಾಗಲೆಲ್ಲ ತಳದ ನೀರನ್ನು ಎತ್ತಿ ಚೆಲ್ಲುತ್ತಿರುತ್ತಾನೆ. “ನಿಲ್ಲಬೇಡಿ ಸ್ವಾಮಿ, ಕೂತ್ಕೊಳ್ಳಿ” ಎಂದು ಅವನು ಗದರಿದರೆ, ಪಟ್ಟಣದ ನಾವು ಮುನಿಸಿಕೊಳ್ಳದೆ ಕುಳಿತುಕೊಳ್ಳಬೇಕು. ಗಾಜನೂರಿನ ಅಣೆಕಟ್ಟಿನಿಂದಾಗಲಿ ಲಕ್ಕವಳ್ಳಿಯಿಂದಾಗಲಿ ನೀರು ಬಿಟ್ಟಾಗ, ಊರಲ್ಲಿ ಹನಿಯೂ ಮಳೆಯಿಲ್ಲದಿದ್ದರೂ ಹೊಳೆ ಏರಬಹುದೆಂಬುದನ್ನೂ ಮರೆಯಬಾರದು. ತೇಲುಕವಚವಿಲ್ಲದೆ ಮಕ್ಕಳನ್ನು ಹತ್ತಿಸಕೂಡದು. ಈಜು ಬಲ್ಲ ಹುಡುಗರಿಗೂ ಇದು ಅನ್ವಯಿಸುತ್ತದೆ.

ಇತ್ತೀಚೆಗೆ ಫೈಬರಿನ ಹರಿಗೋಲುಗಳು ಬಂದಿವೆ. ಅವು ಸೋರುವುದು ಕಡಮೆ, ಕುಟ್ಟೆ ಹಿಡಿಯುವ ಭಯವಿಲ್ಲ. ಅವುಗಳನ್ನು ನಿಂದಿಸಲು ನಮಗೆ ಕಾರಣವಿಲ್ಲ. ಆದರೆ ಅವು ಬಿರುಕು ಬಿಟ್ಟರೆ ಅಂಬಿಗನ ಮನೆಯಲ್ಲಿ ಸರಿಹೋಗುವಂಥವಲ್ಲ. ಅದಕ್ಕೆ ಬೇಕಾದ ರಾಳ ಮೊದಲಾದುವನ್ನು ಪೇಟೆಯಿಂದ ಕೊಂಡು ತರಬೇಕು. ಬಿದಿರಿನದಕ್ಕೆ ಬೇಕಾದವನು ನೆರೆಯ ಮೇದಾರ, ಅವನಿಗೆ ಬೇಕಾದುದು ಬಿದಿರು. ಹೆಬ್ಬಿದಿರು ಹಲವು ದಶಕಗಳಿಗೊಮ್ಮೆ, ಇಡಿಯ ಕಾಡಿನಲ್ಲಿ ಏಕಕಾಲಕ್ಕೆ ಹೂಬಿಟ್ಟು ಒಣಗಿಹೋಗುವುದರಿಂದ, ಅಂಥ ವರ್ಷಗಳಲ್ಲಿ ಮೇದಾರನ ಕೈ ಬರಿದಾಗುತ್ತದೆ. 2017ರಲ್ಲಿ ಅರಣ್ಯ ಕಾನೂನನ್ನು ತಿದ್ದಿ, ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರಗಳ ಪಟ್ಟಿಯಿಂದ ತೆಗೆದುದು ಇಲ್ಲಿ ನೆನೆಯತಕ್ಕದ್ದು. ತೋಟದ ಬೇಲಿಯಲ್ಲಿ ಎರಡು ಮೆಳೆ ಬೆಳೆಸುವ ಅನುಕೂಲವಿರುವ ನಮ್ಮ ವಾಚಕರು ಇದನ್ನು ಯೋಚಿಸಬಹುದು. ಮೂರು ವರ್ಷ ತುಂಬದ ಗಳವನ್ನು ಕಡಿಯಬಾರದು; ಕಡಿದುದನ್ನು ಕೆಲವು ವಾರ ಹರಿಯುವ ನೀರಿನಲ್ಲಿ ಮುಳುಗಿಸಿಟ್ಟರೆ ಒಳಗಿನ ಸಿಹಿಯಂಶ ತೊಳೆದುಹೋಗಿ ಕುಟ್ಟೆಯ ಕಾಟ ತಗ್ಗುತ್ತದೆ.

ಆಷಾಢ ಶ್ರಾವಣಗಳಲ್ಲಿ ಶಿವಮೊಗ್ಗೆಯ ಜನ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಇಲ್ಲವೇ ಎಂದು ನೋಡಲು ಹೊಳೆದಂಡೆಗೆ ನೆರೆಯುತ್ತಾರಷ್ಟೆ. ಆಗ ಹರಿಗೋಲುಗಳೆಲ್ಲ ಎತ್ತರದ ನೆಲದಲ್ಲಿ ಆಮೆಗಳಂತೆ ಕವುಚಿಕೊಂಡಿರುತ್ತವೆ. ನೆರೆ ಇಳಿದು ದಸರೆ ಕಳೆದ ಮೇಲೆ ಅವುಗಳನ್ನು ನೇರವಾಗಿ ಕಡವಿಗೆ ಒಯ್ಯುವುದಿಲ್ಲ. ಮೊಳಕಾಲುದ್ದದ ನೀರಿನಲ್ಲಿ ಬರಿದಾಗಿ ತೇಲಬಿಟ್ಟು, ಒಂದು ಬೀಡಿ ಸೇದುವಷ್ಟು ಹೊತ್ತು ಕಾದು, ಒಳಗೆ ಎಲ್ಲಿ ಒದ್ದೆ ಕಾಣಿಸಿತೋ ಅಲ್ಲಿ ಇದ್ದಿಲಿನಿಂದ ಗೆರೆ ಎಳೆದು, ಮತ್ತೆ ದಂಡೆಗೆ ತಂದು ಡಾಂಬರಿನ ಡಬ್ಬಿಯನ್ನು ಒಲೆಗೇರಿಸುತ್ತಾರೆ.